ಚಪ್ಪಾಳೆಗೆ ಹಾರಿದ ಹಕ್ಕಿಗಳು

ಹಂಗಾರಕಟ್ಟೆ ಕಡವಿನಲ್ಲಿ, ಹೊಳೆ ದಾಟುವ ನಡುವೆ ನಮ್ಮ ದೋಣಿ ಮರಳಿಗೆ ಸಿಕ್ಕಿ ಕೂತಿದೆ. ಸಿಟ್ಟಿನಲ್ಲೇ ಇದನ್ನು ಗೀಚುತ್ತಿದ್ದೇನೆ. ನನ್ನೆದುರು ಕೂತ ದುರ್ಬೀನಿನ ಮಹಾಶಯರು ನೀರಲ್ಲಿ ಸಾಲಾಗಿ ನಿಂತಿದ್ದ ಉದ್ದ ಕಾಲಿನ ಹಕ್ಕಿಗಳ ಕೊಕ್ಕು, ಬಣ್ಣ, ನಡಿಗೆ ಎಲ್ಲ ಬರೆದುಕೊಂಡರು. ಅಷ್ಟು ಸಾಲದೆ, ರೆಕ್ಕೆಯ ಅಡಿಭಾಗ ನೋಡದೆ ಹೆಸರು ಹೇಳಲಾಗದೆಂದು ಚಪ್ಪಾಳೆ ತಟ್ಟಿಯೇಬಿಟ್ಟರು! ಹಕ್ಕಿಗಳೆಲ್ಲ ಹಾರಿದವು. ತುಸು ಹೊತ್ತಿಗೆ ದೋಣಿ ಮರಳು ಕಚ್ಚಿತು. ಪೇಟೆಗೆ ಹೊರಟ ಹೆಂಗಸರ ಬುಟ್ಟಿಯಲ್ಲಿ ಮೀನು ಬಿಸಿಲಿಗೆ ಹಾಳಾಗುತ್ತಿದೆ. ಈ ಮನುಷ್ಯ ಇನ್ನೂ ಹಕ್ಕಿ ಪುಸ್ತಕ ತಿರುವುತ್ತಿದ್ದಾನೆ!

"ಸಿಕ್ಕಿತು! ಹೆಸರು ಹೇಳಲೇ?" ಎಂದು ಅಂಬಿಗನನ್ನು ಕೇಳಿದ.

ಅಂಬಿಗ ಹುಟ್ಟು ಕೆಳಗಿಟ್ಟ. "ಹೆಸ್ರ್ ಎಂತಕ್ಕೆ? ಅದ್ ನಿಂತಲ್ಲಿ ನೀರ್ ಕಮ್ಮಿ ಅಂದೇಳಿ ಕಂಡ್ಕಂಡೇ ನಾನ್ ದೋಣಿ ತಿರ್ಗ್ಸೂದ್. ಈಗ ಅದ್ರ ಬದ್ಲಿಗೆ ನೀವೇ ಇಳ್ದ್ ನಿಂತ್ಕಣಿ."