ದೊಡ್ಡವ್ವನ ಫೋಟೋ, ಬೇರೆಯವರ ಚಟ್ನಿಪುಡಿ

ಬೌದ್ಧಿಕ ಆಸ್ತಿ ಕಾನೂನಿನಲ್ಲಿ ಎಲ್‌ಎಲ್‌ಎಂ ಮಾಡಿ ಏನು ಉಪಯೋಗ ಎಂದು ಕೇಳುತ್ತಿದ್ದ ಗೆಳೆಯರೆಲ್ಲ ಸ್ವಲ್ಪ ಇತ್ತ ಬನ್ನಿ.

ನಮ್ಮ ದೊಡ್ಡವ್ವ ಬೈಲಹೊಂಗಲದ ಮನೆಯಲ್ಲೇ ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾಳೆ. ಇವತ್ತು ಅವಳ ಜೊತೆ ಕಿತ್ತೂರಿನ ಹೆದ್ದಾರಿ ಪಕ್ಕದ ಅಂಗಡಿಯೊಂದಕ್ಕೆ ಹೋಗಿದ್ದೆ. ನೋಡಿದರೆ, ಬೇರೆ ಯಾರೋ ಮಾಡಿದ ಪುಡಿಯ ಪಾಕೀಟಿನ ಮೇಲೆ ಅವಳ ಬ್ರ್ಯಾಂಡಿನ ಹೆಸರು, ಅವಳದೇ ಫೋಟೋ!

“ಇದು ಯಾರ ಫೋಟೋರಿ?” ಎಂದೆ.

“ಯಾವದೋ ಮುದುಕಿದ್ರಿ. ಪುಡಿ ಮಾಡಾಂವ ನೆಟ್‌ನ್ಯಾಗ ತಗೊಂಡಾನಂತ,” ಎಂದ ಅಂಗಡಿಯವನು.

“ಯಾರಿಗೆ ಮುದುಕಿ ಅಂತೀಯೋ?” ಎನ್ನುತ್ತ ದೊಡ್ಡವ್ವ ಮುಂದೆ ಬಂದಳು. ಅವನು ಪಾಕೀಟನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

ನಾನು ಶಾಂತವಾಗಿ ಹೇಳಿದೆ: “ಈ ಬ್ರ್ಯಾಂಡ್ ಇವರ ಹೆಸರಿಗೆ ರಿಜಿಸ್ಟರ್ ಆಗೇತ್ರಿ. ನಾ ಇದ ಕಾನೂನು ಓದಾಕ ಹತ್ತೇನಿ. ಇದನ್ನ ಮಾರಿದ್ರ ನಿಮ್ಮ ಮ್ಯಾಲೂ ಕೇಸ್ ಆಗತೈತಿ.”

ಪಾಕೀಟುಗಳೆಲ್ಲ ತಕ್ಷಣ ಕೆಳಗಿಳಿದವು. ಪುಡಿ ಮಾಡಿದವನ ಫೋನ್ ನಂಬರೂ ಸಿಕ್ಕಿತು. ನಾವು ಹೊರಡುವಾಗ ಅಂಗಡಿಯವನು ಮೆಲ್ಲಗೆ ಕೇಳಿದ: “ಅಕ್ಕಾರ, ಎದುರಿನಾಂವ ನಮ್ಮ ಅಂಗಡಿ ಹೆಸರ ಇಟ್ಕೊಂಡಾನ್ರಿ. ಅವಗೂ ಒಂದೀಟು ಹಿಂಗ ಹೇಳ್ತೀರೇನ್ರಿ?”

ಪದವಿ ಇನ್ನೂ ಮುಗಿದಿಲ್ಲ. ಮೊದಲ ಕಕ್ಷಿದಾರ ಸಿಕ್ಕಿದ್ದಾನೆ, ಅದೂ ಎದುರು ಪಕ್ಷದಿಂದ!