ಪ್ರೊಸೆಸರಿಗೆ ಪತ್ರೊಡೆಯ ಲೇಪ

ನಮ್ಮ ಮನೆಯ ಟೇಬಲ್ ಫ್ಯಾನಿಗೆ ಕತ್ತು ಆಡುವುದಿಲ್ಲ. ಎಡಬಲಕ್ಕೆ ತಿರುಗಿಸುವ ಅದರ ಗುಂಡಿ ಯಾವ ಕಾಲದಲ್ಲೋ ಮುರಿದುಹೋಗಿ, ಮನೆಮಂದಿಗೆಲ್ಲ ಸಮನಾಗಿ ಗಾಳಿ ಹಂಚುವ ಸಮದರ್ಶಿತ್ವವನ್ನು ಅದು ಕಳೆದುಕೊಂಡಿದೆ. ಒಮ್ಮೆ ಯಾರ ಕಡೆ ಮುಖ ಮಾಡಿಸುತ್ತೇವೋ ಅವರೊಬ್ಬರಿಗೇ ನಿಷ್ಠವಾಗಿ ಉಳಿಯುತ್ತದೆ. ಹಾಗಾಗಿ ಮಂಗಳೂರಿನ ಸೆಕೆಗಾಲದಲ್ಲಿ ನಮ್ಮಲ್ಲಿಗೆ ಬಂದವರು, ಈ ಮನೆಯಲ್ಲಿ ಸದ್ಯ ಯಾರ ದರ್ಬಾರು ನಡೆಯುತ್ತಿದೆಯೆಂದು ತಿಳಿಯಲು ನಮ್ಮ ಮುಖ ನೋಡಬೇಕಾಗಿಲ್ಲ, ಫ್ಯಾನಿನ ಮುಖ ನೋಡಿದರೆ ಸಾಕು. ಕಳೆದ ಎಪ್ರಿಲಿನ ಒಂದು ದಿನ ಅದು ನನ್ನ ಗಂಡನ ಕಡೆಗೂ ಇರಲಿಲ್ಲ, ನನ್ನ ಕಡೆಗೂ ಇರಲಿಲ್ಲ. ಪಕ್ಕದ ಬಾಗಿಲು ಕಳಚಿಟ್ಟ ನನ್ನ ಕಂಪ್ಯೂಟರಿನ ಹೊಟ್ಟೆಗೆ ಮುಖವಿಟ್ಟು ಬೆಳಗಿನಿಂದಲೇ ಬೀಸುತ್ತಿತ್ತು. ಕುವೈತಿನಲ್ಲಿ ಬಹುಕಾಲ ನರ್ಸ್ ಆಗಿದ್ದು ಊರಿಗೆ ಮರಳಿರುವ ನಮ್ಮ ನೆರೆಯ ಗ್ರೇಸಿ ಬಾಯಿ ಒಳಗೆ ಕಾಲಿಟ್ಟವರೇ ಇದನ್ನು ಗಮನಿಸಿ, ಶೆಟ್ಟರಿಗೆ ಸೆಕೆ ಆಗುವುದಿಲ್ಲವೇ ಎಂದು ಮೆಲ್ಲನೆ ವಿಚಾರಿಸಿದರು. ಶೆಟ್ಟರು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತ, ತಾನು ಈ ಮನೆಯಲ್ಲಿ ಎರಡನೆಯ ದರ್ಜೆಯ ರೋಗಿ ಎಂದರು.

ಪರಿಚಯ ಹೇಳದೆ ಫ್ಯಾನಿನ ಪುರಾಣ ಬಿಚ್ಚಿದ್ದು ತಪ್ಪಾಯಿತು. ನಾನು ಭೌತಶಾಸ್ತ್ರವನ್ನು ಮಕ್ಕಳಿಗೆ ಕಲಿಸಿ, ಅವರಿಂದ ತಾಳ್ಮೆಯನ್ನು ಕಲಿತು ನಿವೃತ್ತಳಾದವಳು. ಶೆಟ್ಟರೆಂದರೆ ನನ್ನ ಗಂಡ ಸುಧಾಕರ ಶೆಟ್ಟರು. ತೊಕ್ಕೊಟ್ಟಿನಲ್ಲಿ ಮಾವನವರ ಕಾಲದಿಂದ ಬಂದ ಒಂದು ಮೀನೂಟದ ಹೋಟೆಲು ಅವರದು. ಬೆಳಕು ಹರಿಯುವ ಹೊತ್ತಿಗೆ ಬಂದರಿಗೆ ಹೋಗಿ ಬಂಗುಡೆ ಮೀನಿನ ಕಿವಿರು ಎತ್ತಿ ನೋಡಿ ಬುಟ್ಟಿ ತುಂಬಿಸಿದರೇ ಅವರಿಗೆ ದಿನ ಶುರುವಾದಂತೆ. ಹಿಂದಿನ ಮಳೆಗಾಲದಲ್ಲಿ ಒಂದು ಮಧ್ಯಾಹ್ನ, ಊಟದ ಜನ ತುಂಬಿದ್ದಾಗಲೇ, ಅವರಿಗೆ ಗಲ್ಲಾಪೆಟ್ಟಿಗೆಯ ಮುಂದೆ ಎದೆ ಹಿಡಿದುಕೊಂಡಿತು. ಆಸ್ಪತ್ರೆ, ರಕ್ತನಾಳಕ್ಕೊಂದು ಸ್ಟೆಂಟು, ಸುಖರೂಪವಾಗಿ ಮನೆ. ಆ ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನು ಪಟ್ಟ ಹೆದರಿಕೆ ಮಾತ್ರ ಅವರ ಜೊತೆ ಡಿಸ್ಚಾರ್ಜ್ ಆಗಲಿಲ್ಲ. ನಾನು ಅವರನ್ನು ಕುರ್ಚಿಯಲ್ಲಿ ಕೂರಿಸಿದೆ. ಉಪ್ಪು ಕಡಿಮೆ ಮಾಡಿದೆ, ಮೆಟ್ಟಿಲು ನಿಲ್ಲಿಸಿದೆ, ಫೋನು ಬಂದರೆ ನಾನೇ ಎತ್ತಿಕೊಂಡೆ. ಹೋಟೆಲನ್ನು ಹಳೆಯ ಮೆನೇಜರು ಹೇಗೋ ನಡೆಸಿಕೊಂಡಿದ್ದರು. ಕೊನೆಗೆ ಅದನ್ನು ಖಾಯಂ ಆಗಿ ಬೇರೆಯವರಿಗೆ ವಹಿಸಿಬಿಡುವುದೆಂದು ನಾನೇ ತೀರ್ಮಾನಿಸಿ, ಒಬ್ಬ ಪಾರ್ಟಿಯನ್ನೂ ಗೊತ್ತುಮಾಡಿದೆ. ಆತ ಎಪ್ರಿಲಿನ ಒಂದು ಸೋಮವಾರ ಕಾಗದಪತ್ರ ಹಿಡಿದು ಬರುವುದಿತ್ತು. ಶೆಟ್ಟರು ಆಯಿತು ಎಂದರು. ಮೀನಿನ ದರಕ್ಕೆ ಅರ್ಧ ಗಂಟೆ ವಾದಿಸುವ ಮನುಷ್ಯ ಒಂದೇ ಮಾತಿಗೆ ಆಯಿತು ಎಂದರೆ ಎಚ್ಚರವಾಗಬೇಕಿತ್ತು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಹೀಗೆ ಕಾವಲು ಕುಳಿತವಳಿಗೂ ಕೈಗೊಂದು ಕೆಲಸ ಬೇಕಲ್ಲ? ಹೈಸ್ಕೂಲು ಮಕ್ಕಳಿಗಾಗಿ ಕನ್ನಡದಲ್ಲಿ ವಿಜ್ಞಾನದ ಪಾಠಗಳ ವೀಡಿಯೊ ಮಾಡತೊಡಗಿದೆ. ನನ್ನ ಕಂಪ್ಯೂಟರು ಹಳೆಯದು. ಒಂದು ಪಾಠದ ತುಣುಕುಗಳನ್ನೆಲ್ಲ ವೀಡಿಯೊವಾಗಿ ಪೋಣಿಸಿ ಕೊಡುವಷ್ಟರಲ್ಲಿ ನನ್ನ ಅಡಿಗೆ, ಊಟ, ಶೆಟ್ಟರ ನಿದ್ದೆ ಎಲ್ಲ ಮುಗಿದಿರುತ್ತಿತ್ತು. ಆಗ ತಿಳಿದದ್ದು ಓವರ್‌ಕ್ಲಾಕಿಂಗ್ ಎಂಬ ವಿದ್ಯೆ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿಗೆ ಅದನ್ನು ಮಾಡಿದವರು ಇಷ್ಟೇ ಓಡಬೇಕೆಂದು ಒಂದು ವೇಗ ಗೊತ್ತುಮಾಡಿ ಕಳಿಸಿರುತ್ತಾರೆ. ಆದರೆ ಕೆಲವು ಬಗೆಯವಕ್ಕೆ ಆ ಹಗ್ಗವನ್ನು ಬಿಚ್ಚಿ, ನಾವೇ ಮೆಟ್ಟಿಲು ಮೆಟ್ಟಿಲಾಗಿ ವೇಗ ಏರಿಸಬಹುದು. ಓಟ ಹೆಚ್ಚಿದಂತೆ ಚೂರು ಹೆಚ್ಚು ವಿದ್ಯುತ್ತು ಉಣಿಸಬೇಕು, ಉಂಡದ್ದೆಲ್ಲ ಬಿಸಿಯಾಗುತ್ತದೆ, ಬಿಸಿಯನ್ನು ಹೊರಗೆ ಸಾಗಿಸಬೇಕು. ಇಲ್ಲವಾದರೆ ಅದು ತಾನಾಗಿ ನಿಧಾನಿಸುತ್ತದೆ, ಅಥವಾ ಪರದೆಯನ್ನು ನೀಲಿ ಮಾಡಿ ನೆಲ ಹಿಡಿಯುತ್ತದೆ. ಒಂದೇ ಅಚ್ಚಿನಲ್ಲಿ ತಯಾರಾದ ಎರಡು ಪ್ರೊಸೆಸರುಗಳಿಗೂ ತಾಳಿಕೆ ಒಂದೇ ಇರುವುದಿಲ್ಲವಂತೆ. ಒಂದೇ ಬಸಿರಿನ ಮಕ್ಕಳ ಹಾಗೆ, ಒಂದು ಹೊತ್ತುಕೊಳ್ಳುತ್ತದೆ, ಇನ್ನೊಂದು ಬಿಸಿಯಾಗುತ್ತದೆ. ಯಾವುದರ ಮಿತಿ ಎಲ್ಲಿಯೆಂದು ಊಹಿಸಿ ಹೇಳಲಾಗದು. ಏರಿಸಬೇಕು, ಕಠಿಣ ಲೆಕ್ಕಗಳನ್ನು ಕೊಟ್ಟು ಓಡಿಸಿ ಪರೀಕ್ಷಿಸಬೇಕು, ಪಾಸಾದರೆ ನಂಬಬೇಕು. ಈ ವಿದ್ಯೆಯ ಸಾರ ಇಷ್ಟೇ. ನಿವೃತ್ತ ಅಧ್ಯಾಪಕಿಗೆ ಪರೀಕ್ಷೆ ಮಾಡುವುದಕ್ಕಿಂತ ದೊಡ್ಡ ಸುಖ ಇನ್ನೇನಿದೆ ಹೇಳಿ.

ಚಳಿಗಾಲದಲ್ಲಿ, ಅಂದರೆ ಮಂಗಳೂರಿನವರು ಚಳಿಗಾಲವೆಂದು ಪ್ರೀತಿಯಿಂದ ಕರೆಯುವ ಕಡಿಮೆ ಸೆಕೆಯ ದಿನಗಳಲ್ಲಿ, ನಾನು ಈ ಕೈಂಕರ್ಯಕ್ಕೆ ತೊಡಗಿದೆ. ಪೇಟೆಯಿಂದ ಬಿಸಿ ಹೀರಿ ಹೊರಹಾಕುವ ದೊಡ್ಡದೊಂದು ಲೋಹದ ಕೂಲರನ್ನು ತರಿಸಿ, ಪ್ರೊಸೆಸರಿನ ತಲೆಯ ಮೇಲೆ ನಾನೇ ಕೂರಿಸಿದೆ. ವೇಗ ಏರಿತು, ಪರೀಕ್ಷೆ ಪಾಸಾಯಿತು, ಪಾಠಗಳು ಅರ್ಧ ಹೊತ್ತಿನಲ್ಲಿ ಸಿದ್ಧವಾಗತೊಡಗಿದವು. ಪರದೆಯ ಮೂಲೆಯಲ್ಲಿ ಉಷ್ಣತೆ ತೋರಿಸುವ ಅಂಕಿಯೊಂದನ್ನು ಕೂರಿಸಿಕೊಂಡಿದ್ದೆ. ಪಾಠಕ್ಕಿಂತ ಹೆಚ್ಚಾಗಿ ಅದನ್ನೇ ನೋಡುತ್ತಿದ್ದೆ. ಒಂದು ಕಣ್ಣು ಆ ಅಂಕಿಯ ಮೇಲೆ, ಒಂದು ಕಣ್ಣು ಶೆಟ್ಟರ ಮೇಲೆ. ಅರ್ಧ ಗಂಟೆಗೊಮ್ಮೆ ಹೇಗುಂಟು ಎಂದು ಕೇಳುವುದು, ಉಂಟು ಎಂದು ಅವರು ಹೇಳುವುದು. ವೇಗ ಹೆಚ್ಚಿಸಲು ಹೋದವಳು ಉದ್ವೇಗ ಹೆಚ್ಚಿಸಿಕೊಂಡು ಕುಳಿತೆನೆಂಬುದು ಹೊರಗಿನವರಿಗೆ ಕಾಣುತ್ತಿತ್ತೇನೋ, ನನಗೆ ಕಾಣಲಿಲ್ಲ.

ಎಪ್ರಿಲ್ ಬಂತು. ಗಾಳಿಯೇ ಬೆವರುವ ತಿಂಗಳು. ಮೂಲೆಯ ಅಂಕಿ ತೊಂಬತ್ತನ್ನು ದಾಟಿ ಮೇಲಕ್ಕೆ ಜಿಗಿಯತೊಡಗಿತು. ಕಂಪ್ಯೂಟರಿನ ಪಕ್ಕದ ಬಾಗಿಲು ಕಳಚಿದೆ, ಶೆಟ್ಟರ ಮುಂದಿದ್ದ ಟೇಬಲ್ ಫ್ಯಾನನ್ನು ಎತ್ತಿ ಕಂಪ್ಯೂಟರಿಗೆ ಕೊಟ್ಟೆ. ಅಡಿಗೆಮನೆಯ ಬಂಗುಡೆ ಸಾರಿನ ಪರಿಮಳವೆಲ್ಲ ಅದರ ಹೊಟ್ಟೆಗೆ ಹೋಯಿತೇ ಹೊರತು ಬಿಸಿ ಹೊರಗೆ ಬರಲಿಲ್ಲ. ಪಾರ್ಟಿ ಬರುವ ಸೋಮವಾರಕ್ಕೆ ಮುಂಚಿನ ಶನಿವಾರ ಬೆಳಿಗ್ಗೆ, ಶಾಖವು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೇಗೆ ಹರಿಯುತ್ತದೆ ಎಂಬ ಪಾಠವನ್ನು ನಾನು ಪೋಣಿಸುತ್ತಿದ್ದಾಗ, ಶಾಖ ಹರಿಯದೆ ಪರದೆ ನೀಲಿಯಾಗಿ ಎಲ್ಲವೂ ನಿಂತುಹೋಯಿತು. ಕುರ್ಚಿಯಲ್ಲಿದ್ದ ಶೆಟ್ಟರು ಬಹಳ ದಿನಗಳ ಮೇಲೆ ನಕ್ಕರು. ನನಗೆ ಸಿಟ್ಟು ಬಂತು, ನಗು ಕೇಳಿ ಸಮಾಧಾನವೂ ಆಯಿತು.

ಕೂಲರನ್ನು ಬಿಚ್ಚಿ ನೋಡುವುದೆಂದು ನಿಶ್ಚಯಿಸಿದೆ. ಒರೆಸಲು ಸ್ಪಿರಿಟು ಬೇಕಿತ್ತು. ಗ್ರೇಸಿ ಬಾಯಿಯ ಮನೆಗೆ ಹೋದೆ. ಅವರು ಹತ್ತಿ, ಸ್ಪಿರಿಟು ಕೊಡುತ್ತ ಇಂಜೆಕ್ಷನ್ ಯಾರಿಗೆ ಎಂದು ಕೇಳಿದರು. ಕಂಪ್ಯೂಟರಿಗೆ ಎಂದಾಗ ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ಬಿಕರ್ನಕಟ್ಟೆಯ ಬಾಲಯೇಸುವಿನ ಇಗರ್ಜಿಯಲ್ಲಿ ಶೆಟ್ಟರಿಗಾಗಿ ತಾನು ಹಚ್ಚುವ ಮೊಂಬತ್ತಿಯ ಜೊತೆ ಇನ್ನು ಮೇಲೆ ನನ್ನ ಹೆಸರಿನದೂ ಒಂದು ಹಚ್ಚುತ್ತೇನೆಂದರು. ಅವರ ತಮಾಷೆಗೆ ತಳ ಇರುತ್ತದೆ, ಬಗ್ಗಿ ನೋಡುವಷ್ಟು ಪುರುಸೊತ್ತು ನನಗಿರಲಿಲ್ಲ.

ಮೇಜಿನ ಮೇಲೆ ಪೇಪರು ಹಾಸಿ ಕೂಲರನ್ನು ಎತ್ತಿದೆ. ನೋಡಿದರೆ, ಅಯ್ಯೋ ದೇವರೆ, ಪ್ರೊಸೆಸರು ಎಲ್ಲಿ? ಬೂದು ಬಣ್ಣದ ಕೆಸರಿನಲ್ಲಿ ಎಮ್ಮೆ ಮುಳುಗಿದ ಹಾಗೆ ಮುಳುಗಿತ್ತು. ಪ್ರೊಸೆಸರಿಗೂ ಕೂಲರಿಗೂ ನಡುವೆ ಒಂದು ಲೇಪವನ್ನು ಹಚ್ಚಬೇಕಾಗುತ್ತದೆ. ಎರಡು ಲೋಹಗಳು ನುಣುಪಾಗಿ ಕಂಡರೂ ಅವುಗಳ ಮೈಯಲ್ಲಿ ಕಣ್ಣಿಗೆ ಕಾಣದ ಏರುತಗ್ಗುಗಳಿರುತ್ತವೆ. ಆ ಸಂದಿನ ಗಾಳಿಯನ್ನು ಓಡಿಸಿ ಬಿಸಿ ದಾಟಲು ದಾರಿ ಮಾಡಿಕೊಡುವುದು ಲೇಪದ ಕೆಲಸ. ಹೆಸರುಕಾಳಿನಷ್ಟು ಸಾಕು ಎಂದು ಓದಿಯೂ ಇದ್ದೆ. ಆದರೆ ಕೈ ಓದಿರಲಿಲ್ಲವಲ್ಲ! ಮದುವೆಯಾಗಿ ಬಂದ ಮೊದಲ ಮಳೆಗಾಲದ ಆಟಿ ತಿಂಗಳಲ್ಲೇ ಅತ್ತೆ ನನಗೆ ಪತ್ರೊಡೆ ಕಲಿಸಿದ್ದರು. ಕೆಸುವಿನ ಎಲೆಯ ಮೇಲೆ ಅರೆದ ಹಿಟ್ಟನ್ನು ಅಂಗೈಯಿಂದ ಬಳಿಯುವಾಗ ಅವರದು ಒಂದೇ ಸೂತ್ರ, ಎಲೆ ಕಾಣಬಾರದು. ಕಂಡರೆ ಗಂಟಲು ತುರಿಸುತ್ತದೆ, ಮನೆಯ ಮರ್ಯಾದೆ ಹೋಗುತ್ತದೆ. ಆ ದೀಕ್ಷೆ ಪಡೆದ ಕೈ, ಡಿಸೆಂಬರಿನಲ್ಲಿ ಪ್ರೊಸೆಸರನ್ನು ಕಂಡಾಗ, ಮುಕ್ಕಾಲು ಟ್ಯೂಬನ್ನು ಹಿಂಡಿ ಅಂಚಿನಿಂದ ಅಂಚಿಗೆ, ಲೋಹ ಕಾಣದಂತೆ ದಪ್ಪವಾಗಿ ಬಳಿದಿತ್ತು. ಬಿಸಿ ದಾಟಿಸಲಿ ಎಂದು ಹಚ್ಚಿದ್ದು ಬಿಸಿಗೆ ಗೋಡೆಯಾಗಿ ನಿಂತಿತ್ತು. ಶಾಖದ ವಾಹಕತೆಯನ್ನು ಜೀವಮಾನವಿಡೀ ಕರಿಹಲಗೆಯ ಮೇಲೆ ಬರೆದವಳ ಕತೆ ಇದು, ನಗುವುದಾದರೆ ಧಾರಾಳವಾಗಿ ನಗಿ.

ಶೆಟ್ಟರು ಎದ್ದುಬಂದು ಪಕ್ಕದಲ್ಲಿ ನಿಂತು, ನಾನು ಹತ್ತಿಯಿಂದ ಒರೆಸುವುದನ್ನೇ ನೋಡುತ್ತಿದ್ದರು. ಇಷ್ಟು ಯಾಕೆ ಬಳಿದದ್ದು ಎಂದು ಕೇಳಿದರು. ಬಿಸಿಯಾಗಬಾರದೆಂಬ ಕಾಳಜಿಗೆ ಎಂದೆ. ಹೇಳುತ್ತ ಹೇಳುತ್ತಲೇ ಒರೆಸುತ್ತಿದ್ದ ನನ್ನ ಕೈ ಸ್ವಲ್ಪ ನಿಧಾನವಾಯಿತು. ನಮ್ಮ ಮನೆಮಾತು ತುಳು. ಊಟ, ತಮಾಷೆ, ಸಣ್ಣ ಜಗಳ ಎಲ್ಲ ಅದರಲ್ಲೇ. ಏನಾದರೂ ಮನಸ್ಸಿಗೆ ತೀರ ನಾಟಿದಾಗ ಮಾತ್ರ ಶೆಟ್ಟರು, ಕಚೇರಿಗೆ ಅರ್ಜಿ ಕೊಡುವವರ ಹಾಗೆ, ಕನ್ನಡಕ್ಕೆ ಬರುತ್ತಾರೆ. ಆಗ ಬಂದರು.

"ಪ್ರಭಾ, ಈ ಡಬ್ಬಿಯನ್ನು ನೀನು ಓಡಿಸಿ ಓಡಿಸಿ ಪರೀಕ್ಷೆ ಮಾಡ್ತಿ. ಪಾಸಾದರೆ ಇನ್ನೂ ಓಡು ಅಂತ ಬಿಡ್ತಿ. ನನ್ನನ್ನು ಡಾಕ್ಟ್ರು ಆ ಓಡುವ ಪಟ್ಟಿಯ ಮೇಲೆ ಓಡಿಸಿದ್ದು ಎಂತಕ್ಕೆ? ನಾನು ಪಾಸಾಗಿದ್ದೇನಲ್ಲ."

ನಿಜ. ಫೆಬ್ರವರಿಯಲ್ಲಿ ಅವರನ್ನು ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಡೆಸಿ, ಎದೆಗೆ ವಯರು ಅಂಟಿಸಿ ಪರೀಕ್ಷಿಸಿದ ಡಾಕ್ಟರು, ಬೆಳಗಿನ ಅರ್ಧ ದಿನ ಹೋಟೆಲಿಗೆ ಹೋಗಲು ಅಡ್ಡಿಯಿಲ್ಲ, ಭಾರ ಎತ್ತುವುದು ಬೇಡ ಎಂದಿದ್ದರು. ಆ ವಾಕ್ಯದಲ್ಲಿ ನನ್ನ ಕಿವಿಗೆ ಬಿದ್ದದ್ದು ಬೇಡ ಎಂಬ ಒಂದೇ ಪದ. ಪೇಟೆಯಿಂದ ತಂದ ಒಂದು ಚೂರು ಸಿಲಿಕಾನನ್ನು ನಂಬಿದವಳು, ಇಷ್ಟು ವರ್ಷ ಜೊತೆಗೆ ಬಾಳಿದ ಮನುಷ್ಯನನ್ನು ನಂಬಲಿಲ್ಲ. ಯಂತ್ರವನ್ನು ಅದರ ಮಿತಿಯಿಂದಾಚೆಗೆ ಓಡಿಸುತ್ತ, ಗಂಡನನ್ನು ಅವರ ಮಿತಿಗಿಂತ ಎಷ್ಟೋ ಕೆಳಗೆ ಕೂರಿಸಿಟ್ಟಿದ್ದೆ.

"ನನಗೆ ಹೆದರಿಕೆ ಆಗ್ತದೆ," ಎಂದೆ.

"ಹೆದರಿಕೆ ನನಗೂ ಉಂಟು ಮಾರಾಯ್ತಿ. ಇಲ್ಲಿ ಕೂತು ಹೆದರುವ ಬದಲು ಹೋಟೆಲಿನಲ್ಲಿ ಕೂತು ಹೆದರ್ತೇನೆ."

ನಾನು ಟ್ಯೂಬಿನಲ್ಲಿ ಉಳಿದದ್ದರಿಂದ ಹೆಸರುಕಾಳಿನಷ್ಟು ಲೇಪವನ್ನು ನಡುವೆ ಇಟ್ಟು ಕೂಲರನ್ನು ಕೂರಿಸಿದೆ. ಕೈ ಇನ್ನಷ್ಟು ಹಚ್ಚು ಎನ್ನುತ್ತಿತ್ತು, ಅದನ್ನು ತಡೆಯುವುದೇ ಕಷ್ಟವಾಯಿತು. ಆಮೇಲೆ ಹೋಟೆಲು ವಹಿಸಿಕೊಳ್ಳಲಿದ್ದವನಿಗೆ ಫೋನು ಮಾಡಿ, ಸೋಮವಾರ ಬರುವುದು ಬೇಡವೆಂದು ಹೇಳಿದೆ. ಆತ ಕಾರಣ ಕೇಳಿದ. ಯಜಮಾನರು ಹುಷಾರಾಗಿದ್ದಾರೆ ಎಂದೆ. ಅದನ್ನು ನನ್ನ ಬಾಯಿಂದ ನಾನೇ ಕೇಳಿದ್ದು ಅದೇ ಮೊದಲು. ಶೆಟ್ಟರು ಒಳಗೆ ಹೋಗಿ ಬಿಳಿ ಅಂಗಿಗೆ ಇಸ್ತ್ರಿ ಹಾಕತೊಡಗಿದರು.

ಸೋಮವಾರ ಬೆಳಿಗ್ಗೆ ಮೆನೇಜರು ಕಾರು ತಂದರು. ಬಂದರಿಗೆ ಹೋಗಿ ಮೀನು ನೋಡಿಕೊಂಡು ಹಾಗೆಯೇ ತೊಕ್ಕೊಟ್ಟಿಗೆ, ಊಟದ ಹೊತ್ತಿಗೆ ಮನೆಗೆ ಎಂದು ಒಪ್ಪಂದ. ಬುಟ್ಟಿ ಎತ್ತಬಾರದು ಎಂಬುದನ್ನು ಗೇಟಿನವರೆಗೂ ಹೇಳಬೇಕೆಂದು ಹೊರಟವಳು ಜಗಲಿಯಲ್ಲೇ ಒಮ್ಮೆ ಹೇಳಿ ನಿಲ್ಲಿಸಿದೆ. ಕಾರು ಹೋಯಿತು. ನಾನು ಫೋನನ್ನು ಅಡಿಗೆಮನೆಯ ಅಕ್ಕಿ ಡಬ್ಬಿಯ ಹಿಂದಿಟ್ಟು ಬಂದು ಕಂಪ್ಯೂಟರಿನ ಮುಂದೆ ಕುಳಿತೆ. ಉಷ್ಣತೆಯನ್ನು ಕ್ಷಣಕ್ಷಣಕ್ಕೂ ಅಳೆಯುತ್ತಿದ್ದರೆ, ಆ ಅಳೆಯುವ ಕೆಲಸವೂ ಪ್ರೊಸೆಸರಿಗೇ ಬೀಳುತ್ತದೆ, ಅದೂ ಒಂದು ಭಾರವೇ. ಅರ್ಧ ಗಂಟೆಗೊಮ್ಮೆ ಹೇಗುಂಟು ಎಂದು ಕೇಳಿಸಿಕೊಂಡ ಮನುಷ್ಯನ ಮೇಲೆ ನಾನು ಎಷ್ಟು ಭಾರ ಹೇರಿದ್ದೆನೋ. ಬೇಸಿಗೆಯೆಂದು ವೇಗವನ್ನು ಒಂದು ಮೆಟ್ಟಿಲು ಇಳಿಸಿ, ಪರೀಕ್ಷೆ ಮಾಡಿ, ಮೂಲೆಯ ಅಂಕಿಯನ್ನು ಅಳಿಸಿಹಾಕಿದೆ. ಕಂಪ್ಯೂಟರಿನ ಬಾಗಿಲನ್ನೂ ಮುಚ್ಚಿದೆ. ಯಂತ್ರ ತನ್ನ ಪಾಡಿಗೆ ತಾನು ಪಾಠ ಪೋಣಿಸುತ್ತಿತ್ತು; ಟೇಬಲ್ ಫ್ಯಾನಿಗೆ ಕೆಲಸವಿಲ್ಲದಂತಾಯಿತು, ಅದನ್ನು ಶೆಟ್ಟರ ಖಾಲಿ ಕುರ್ಚಿಯ ಎದುರು ಇಟ್ಟೆ.

ಪ್ರೊಸೆಸರಿನ ಬಗ್ಗೆ ಆ ಬೆಳಿಗ್ಗೆ ನನಗೆ ಯಾವ ಚಿಂತೆಯೂ ಇರಲಿಲ್ಲ. ನನ್ನ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ. ಒಂದು ಸಲ ಅಕ್ಕಿ ಡಬ್ಬಿಯವರೆಗೆ ಹೋಗಿ, ಫೋನು ಮುಟ್ಟದೆ ಅನ್ನಕ್ಕೆ ಹೆಚ್ಚು ಅಕ್ಕಿ ಹಾಕಿ ಬಂದೆ. ರಸ್ತೆಯಲ್ಲಿ ಆಂಬುಲೆನ್ಸಿನ ಸದ್ದು ಕೇಳಿದಾಗ ಜಗಲಿಗೆ ಓಡಿದೆ; ಎದುರು ಜಗಲಿಯಲ್ಲಿ ಗ್ರೇಸಿ ಬಾಯಿ, ಅದು ನಮ್ಮದಲ್ಲ ಎಂಬಂತೆ ಕೈಯಾಡಿಸಿದರು.

ಊಟದ ಹೊತ್ತಿಗೆ ಶೆಟ್ಟರು ಬಂದರು. ಅಂಗಿಯಲ್ಲಿ ಹೋಟೆಲಿನ ಮಸಾಲೆಯ ಘಮ, ಮುಖದಲ್ಲಿ ಬಂಗುಡೆಯ ದರದ ಬಗ್ಗೆ ಹಳೆಯ ಸಿಟ್ಟು. ನೋಡಿ ನನ್ನ ಕಣ್ಣು ತುಂಬಿತು. ಹೇಗುಂಟು ಎಂಬ ಪ್ರಶ್ನೆ ನಾಲಗೆಯ ತುದಿಗೆ ಬಂದದ್ದನ್ನು ನುಂಗಿ, ಫ್ಯಾನಿನ ಗುಂಡಿ ಒತ್ತಿದೆ. ಅವರು ಕುರ್ಚಿಯಲ್ಲಿ ಕುಳಿತು ಒಂದು ಗಳಿಗೆ ಗಾಳಿ ಕುಡಿದರು. ಮತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಬಗ್ಗಿ, ಫ್ಯಾನನ್ನು ಕತ್ತು ಹಿಡಿದು ನನ್ನ ಕಡೆಗೆ ತಿರುಗಿಸಿದರು.

"ನೀನು ಸ್ವಲ್ಪ ಕೂತುಕೋ," ಎಂದರು. "ಮಳೆಗಾಲದಿಂದ ನೀನು ತಣ್ಣಗಾದದ್ದೇ ಇಲ್ಲ."

ಬಡಿಸಲು ಏಳಬೇಕಿತ್ತು. ಏಳದೆ, ಸೆರಗು ಸರಿಸಿ, ಆ ಗಾಳಿಗೆ ಮುಖವೊಡ್ಡಿ ಕುಳಿತೆ.