ಪಟ್ಟಿಯಲ್ಲಿ ಇಲ್ಲದ ಗಂಟಲು

ಮಗಳ ಉಸಿರುನಾಳದಲ್ಲಿ ಹುಣಸೆಬೀಜ ಸಿಕ್ಕಿಕೊಂಡಾಗ ನಾನು ಮೊದಲು ಮಾಡಿದ ಕೆಲಸ ಸಾಗರದ ಬಸ್ಸು ಹತ್ತಿದ್ದು. ಅವಳನ್ನು ಉಳಿಸಬಲ್ಲ ಡಾಕ್ಟರು ಇದ್ದದ್ದು ಆಗುಂಬೆ ಘಾಟಿಯ ಕೆಳಗೆ, ಕರಾವಳಿಯಲ್ಲಿ. ಸಾಗರ ಅದಕ್ಕೆ ತದ್ವಿರುದ್ಧ ದಿಕ್ಕು. ಈಗ ನೆನೆದರೂ ನನ್ನ ಮೇಲೆ ನನಗೇ ರೇಗುತ್ತದೆ.

ಆಗ ನಾನು ಹೊಸನಗರದ ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರು. ಮಗಳಿಗೆ ನಾಲ್ಕು ವರ್ಷ. ಚೌಕಾಬಾರ ಆಡುತ್ತ ಕಾಯಿ ನಡೆಸುವ ಹುಣಸೆಬೀಜವನ್ನು ಬಾಯಲ್ಲಿಟ್ಟುಕೊಂಡಿದ್ದಳು. ಯಾಕೋ ಜೋರಾಗಿ ನಕ್ಕಳು, ಆಮೇಲೆ ಕೆಮ್ಮಿದಳು, ಬೀಜ ಹೊರಗೆ ಬರಲಿಲ್ಲ. ಕೆಮ್ಮು ನಿಂತಿತು, ಆದರೆ ಉಸಿರಿನ ಜೊತೆ ಸಣ್ಣ ಸಿಳ್ಳಿನಂಥ ಸದ್ದು ಶುರುವಾಯಿತು. ನಮ್ಮೂರ ಡಿಸ್ಪೆನ್ಸರಿಯ ಡಾಕ್ಟರು ಎದೆಗೆ ಕಿವಿಗೊಟ್ಟು ಕೇಳಿ, ಬಲಗಡೆ ಗಾಳಿಯೇ ಹೋಗುತ್ತಿಲ್ಲ ಎಂದರು. ಕೊಳವೆ ಇಳಿಸಿ ಅದನ್ನು ತೆಗೆಯಬಲ್ಲ ಗಂಟಲಿನ ಡಾಕ್ಟರೊಬ್ಬರು ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೊಸದಾಗಿ ಬಂದಿದ್ದಾರೆ, ಬೀಜ ಉಬ್ಬುವುದರೊಳಗೆ ಕರೆದುಕೊಂಡು ಹೋಗಿ ಎಂದರು. ಜೊತೆಗೆ ಇನ್ನೊಂದು ಮಾತು ಸೇರಿಸಿದರು: ಸರ್ಕಾರಿ ನೌಕರರ ಮನೆಯವರನ್ನು ಅಲ್ಲಿಗೆ ಕಳಿಸಬೇಕಾದರೆ ಸಾಗರದ ವೈದ್ಯಾಧಿಕಾರಿಯ ಕಾಗದ ಬೇಕು, ಅದಿಲ್ಲದಿದ್ದರೆ ಸಾಲಿನಲ್ಲಿ ಎಷ್ಟು ದಿನ ಕೂರಿಸುತ್ತಾರೋ ಹೇಳಲಾಗದು.

"ಕಾಗದ ಹಾಳಾಗ್ಲಿ, ಹೋಗಣ ನಡೀರಿ" ಎಂದಳು ನನ್ನ ಹೆಂಡತಿ. ಅವಳು ಮೂರನೇ ಕ್ಲಾಸಿನವರೆಗೆ ಓದಿದವಳು. ನಾನು ಮೈಸೂರಿನಲ್ಲಿ ಬಿ.ಎ. ಮಾಡಿ ಬಂದವನು, ಕಾಗದವಿದ್ದರೆ ಬಾಗಿಲು ತೆರೆಯುತ್ತದೆ ಎಂದು ನಂಬಿದವನು. ನನ್ನ ಮಾತೇ ನಡೆಯಿತು.

ಸಾಗರದ ವೈದ್ಯಾಧಿಕಾರಿಗಳು ಒಳ್ಳೆಯವರು. ಮಗುವನ್ನು ನೋಡಿದ ತಕ್ಷಣ ಅವರ ಮುಖ ಗಂಭೀರವಾಯಿತು. ಕಪಾಟಿನಿಂದ ನಿಯಮದ ಪುಸ್ತಕ ತೆಗೆದು ಹಾಳೆ ತಿರುವಿದರು. ಔಷಧ, ಶಸ್ತ್ರಚಿಕಿತ್ಸೆ, ಹೆರಿಗೆ, ಕಣ್ಣು, ಹಲ್ಲು. ತಜ್ಞರ ಪಟ್ಟಿ ಅಲ್ಲಿಗೆ ಮುಗಿದಿತ್ತು.

"ಗಂಟಲಿಗೆ ಬೇರೆ ಡಾಕ್ಟರು ಇರ್ತಾರೆ ಅಂತ ನಂಗೆ ಗೊತ್ತು ಮೇಷ್ಟ್ರೇ. ಪುಸ್ತಕಕ್ಕೆ ಗೊತ್ತಿಲ್ಲ."

ಶಸ್ತ್ರಚಿಕಿತ್ಸೆ ಎಂದೇ ಬರೆದುಕೊಡಿ ಎಂದೆ. ಹಾಗೆ ಬರೆದರೆ ಶಿವಮೊಗ್ಗಕ್ಕೆ ಕಳಿಸಬೇಕು, ಅಲ್ಲಿ ಆ ಕೊಳವೆಯೂ ಇಲ್ಲ, ಅದನ್ನು ಇಳಿಸುವವರೂ ಇಲ್ಲ ಎಂದರು. ಕನ್ನಡದ ಊರುಗಳೆಲ್ಲ ಒಂದೇ ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅದುವರೆಗೆ ಬೇರೆ ರಾಜ್ಯದಲ್ಲಿದ್ದ ಕರಾವಳಿಯ ಆ ಆಸ್ಪತ್ರೆ ನಮ್ಮ ಪಟ್ಟಿಗೆ ಸೇರಿದ್ದು ಕಣ್ಣಿಗೆ ಮಾತ್ರ. ಮೇಲಿನ ಕಚೇರಿಯನ್ನು ಕೇಳಿ ನೋಡುತ್ತೇನೆ, ನಾಳೆ ಬನ್ನಿ ಎಂದರು. ಮರುದಿನ ಹೋದೆವು. ಉತ್ತರ ಬಂದಿರಲಿಲ್ಲ. ಮಗಳ ಸಿಳ್ಳು ಹೊರಗಿನ ಬೆಂಚಿನವರೆಗೂ ಕೇಳುತ್ತಿತ್ತು. ನಾನು ಅವರ ಮೇಜಿನ ಎದುರು ಕೈಮುಗಿದು, ಕಣ್ಣು ಎಂದಾದರೂ ಬರೆಯಿರಿ ಎಂದು ಬೇಡಿಕೊಂಡೆ. ಅವರು ತುಂಬ ಹೊತ್ತು ಲೇಖನಿ ಹಿಡಿದು ಕೂತಿದ್ದು ಕೊನೆಗೆ ಬರೆದರು: ಕಣ್ಣಿನ ತೊಂದರೆ, ತಜ್ಞರ ಪರೀಕ್ಷೆ ಅಗತ್ಯ.

ಮತ್ತೆ ಹೊಸನಗರ, ಅಲ್ಲಿಂದ ತೀರ್ಥಹಳ್ಳಿ. ಎರಡು ದಿನ ಸುತ್ತಿ, ಹೊರಟ ಊರನ್ನೇ ಹಾದುಹೋದೆವು. ಬಸ್ಸು ನಮ್ಮ ಬೀದಿಯ ತಿರುವು ದಾಟುವಾಗ ಹೆಂಡತಿ ನನ್ನ ಕಡೆ ನೋಡಲಿಲ್ಲ.

ಘಾಟಿಯಲ್ಲಿ ದೊಡ್ಡ ಬಸ್ಸು ಇಳಿಯುತ್ತಿರಲಿಲ್ಲ. ಆಗುಂಬೆಯಲ್ಲಿ ಚಿಕ್ಕ ವ್ಯಾನು ಹತ್ತಿದೆವು. ಎಷ್ಟನೆಯ ತಿರುವೋ ನೆನಪಿಲ್ಲ, ವ್ಯಾನು ಒಮ್ಮೆ ಕುಲುಕಿತು, ಮಗಳು ಕೆಮ್ಮಿದಳು, ಸಿಳ್ಳು ನಿಂತುಹೋಯಿತು. ನಿಂತದ್ದಕ್ಕೆ ಒಂದು ಕ್ಷಣ ನನಗೆ ಸಮಾಧಾನವಾಯಿತು. ಆಮೇಲೆ ಅವಳ ಬಾಯಿ ತೆರೆದೇ ಇರುವುದು ಕಂಡಿತು. ತುಟಿ ನೇರಳೆಯಾಯಿತು. ಕೈ ಎರಡೂ ನನ್ನ ಅಂಗಿಯನ್ನು ಹಿಡಿದು ಎಳೆದವು, ಮತ್ತೆ ಸಡಿಲವಾದವು. ಮೇಲೆ ಬಂದ ಬೀಜ ಉಸಿರಿನ ಬಾಯಿಗೇ ಅಡ್ಡ ಕೂತಿತ್ತಂತೆ. ಅದು ಡಾಕ್ಟರು ಆಮೇಲೆ ವಿವರಿಸಿದ್ದು. ಆಗ ನನಗೇನೂ ತಿಳಿಯಲಿಲ್ಲ. ಹೆಂಡತಿ ಅವಳನ್ನು ನನ್ನ ತೊಡೆಯಿಂದ ಕಿತ್ತುಕೊಂಡು, ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ಗುದ್ದಿದಳು. ಡ್ರೈವರು ಗಾಡಿ ನಿಲ್ಲಿಸಿದ. ನಾಲ್ಕು ಗುದ್ದೋ ಐದೋ. ಸಿಳ್ಳು ಮತ್ತೆ ಕೇಳಿತು. ಅಷ್ಟು ಹೊತ್ತೂ ನಾನು, ನೂಕುನುಗ್ಗಲಿನಲ್ಲಿ ಮುದುಡದಿರಲಿ ಎಂದು, ಸಾಗರದ ಕಾಗದವನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡಿದ್ದೆ.

ಪಾಠ ಮಾಡುವಾಗ, ಊಟಕ್ಕೆ ಕೂತಾಗ, ಆ ಕೈ ಹಾಗೇ ಮೇಲಿರುವುದು ಇವತ್ತಿಗೂ ನನಗೆ ಕಾಣುತ್ತದೆ.

ಆಸ್ಪತ್ರೆಯ ಗುಮಾಸ್ತ ಕಾಗದ ಓದಿ ಕಣ್ಣಿನ ವಿಭಾಗ ತೋರಿಸಿದ. ಗಂಟಲು, ಬೀಜ ಎಂದು ನಾನು ಹೇಳಿದೆ. ಕಾಗದದಲ್ಲಿ ಹಾಗಿಲ್ಲ ಎಂದ. ಅವನದು ತಪ್ಪೆನ್ನುವಂತಿರಲಿಲ್ಲ, ಕಾಗದ ತಂದವನು ನಾನೇ. ಕಣ್ಣಿನ ವಿಭಾಗದಲ್ಲಿ ಮುದುಕರ ಸಾಲಿನ ಕೊನೆಗೆ ನಮ್ಮನ್ನು ಕೂರಿಸಿದರು. ನರ್ಸಮ್ಮ ಬಂದು ಮಗುವಿನ ಎರಡೂ ಕಣ್ಣಿಗೆ ಔಷಧದ ಹನಿ ಬಿಟ್ಟು, "ಕಣ್ಣು ಮುಚ್ಚಿ ಕೂತ್ಕೊಳ್ಳಿಕ್ಕೆ ಹೇಳಿ ಮಾರಾಯ್ರೆ, ಅರ್ಧ ಗಂಟೆ ಉಂಟು" ಎಂದು ಹೋದರು. ಉಸಿರಿಗೆ ಒದ್ದಾಡುವ ಮಗು ಕಣ್ಣು ಮುಚ್ಚಿ ಕೂತಿತ್ತು. ನನ್ನ ಹೆಂಡತಿ ನಗಲು ಶುರುಮಾಡಿದಳು. ಅಂಥ ನಗುವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅವಳ ನಗು ಕೇಳಿಯೇ ಕಣ್ಣಿನ ಡಾಕ್ಟರು ಹೊರಗೆ ಬಂದರು. ಮಗುವಿನ ಹತ್ತಿರ ಬಗ್ಗಿದವರು ಟಾರ್ಚು ಹಚ್ಚಲೇ ಇಲ್ಲ. "ಈ ಸದ್ದು ಕಣ್ಣಿಂದ ಬರುವುದಲ್ಲವಲ್ಲ" ಎಂದವರೇ ಅವಳನ್ನು ಎತ್ತಿಕೊಂಡು ಅಂಗಳ ದಾಟಿ ನಡೆದರು. ನಾವು ಹಿಂದೆ ಓಡಿದೆವು. ಗಂಟಲಿನ ಡಾಕ್ಟರು ಮಧ್ಯಾಹ್ನದ ಹೊತ್ತಿಗೆ ಬೀಜ ತೆಗೆದರು. ಇನ್ನೊಂದು ದಿನ ಕಳೆದಿದ್ದರೆ ಕೊಳವೆ ಇಳಿಸಿಯೂ ಪ್ರಯೋಜನವಿರಲಿಲ್ಲ ಎಂದರು. ಮಗಳು ಒಂದು ವಾರ ಗೊಗ್ಗರು ದನಿಯಲ್ಲಿ ಮಾತಾಡಿದಳು, ಬಿಸಿಲು ಕಂಡರೆ ಅತ್ತಳು. ಕಣ್ಣಿನ ಹನಿಯ ಪ್ರಭಾವ.

ಊರಿಗೆ ಬಂದು ಸರ್ಕಾರಕ್ಕೆ ಅರ್ಜಿ ಬರೆದೆ. ಗಂಟಲಿನ ವಿಭಾಗವನ್ನು ನಿಯಮದಲ್ಲಿ ಸೇರಿಸಬೇಕು, ಘಟ್ಟದ ಮೇಲಿನ ಮಕ್ಕಳಿಗೆ ಇದು ಪ್ರಾಣದ ಪ್ರಶ್ನೆ ಎಂದು. ನಮ್ಮ ಕಥೆ ಬರೆದರೆ ಸಾಗರದ ಡಾಕ್ಟರಿಗೆ ತೊಂದರೆಯಾಗುತ್ತದೆಂದು ಅದನ್ನು ಬಿಟ್ಟಿದ್ದೆ. ತಿಂಗಳುಗಳ ನಂತರ ಉತ್ತರ ಬಂತು. ಸಾಗರದ ವೈದ್ಯಾಧಿಕಾರಿಗಳ ವರದಿಯ ಪ್ರಕಾರ ಈ ಭಾಗದಿಂದ ಗಂಟಲಿನ ಚಿಕಿತ್ಸೆಗೆಂದು ಇದುವರೆಗೆ ಒಬ್ಬರನ್ನೂ ಕಳಿಸಿಲ್ಲ, ಆದ್ದರಿಂದ ಆ ವಿಭಾಗದ ಅಗತ್ಯ ಕಂಡುಬರುವುದಿಲ್ಲ.

ಉತ್ತರವನ್ನು ಹಿಡಿದು ಸಾಗರಕ್ಕೆ ಹೋದೆ.

"ಏನು ಬರೀಲಿ ಮೇಷ್ಟ್ರೇ? ಕಣ್ಣಿಗೆ ಅಂತಲ್ವಾ ನಿಮ್ಮ ಮಗಳನ್ನ ಕಳ್ಸಿದ್ದು" ಎಂದರು ಡಾಕ್ಟರು. ಲೇಖನಿಯ ಮುಚ್ಚಳ ತೆಗೆದು, "ನಿಜ ಬರೆದ್ರೆ ಸುಳ್ಳು ಕಾಗದ ಕೊಟ್ಟೆ ಅಂತ ನನ್ನ ಕೆಲ್ಸ ಹೋಗುತ್ತೆ. ಬರೀರಿ ಅನ್ನಿ, ಬರೀತೀನಿ" ಎಂದರು.

ನಾನು ಸರ್ಕಾರದ ಉತ್ತರವನ್ನು ಮಡಿಚಿ ಜೇಬಿಗಿಟ್ಟುಕೊಂಡು ಊರಿನ ಬಸ್ಸು ಹತ್ತಿದೆ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿಸಿಕೊಂಡು, "ಇನ್ನೊಂದು ಮಗೀಗೆ ಹಿಂಗಾದ್ರೆ? ಊರೋರಿಗಾದ್ರೂ ಹೇಳಿ" ಎಂದಳು. ಮರುದಿನ ಸ್ಕೂಲಿನಲ್ಲಿ ಮೇಷ್ಟ್ರುಗಳನ್ನೆಲ್ಲ ಕೂರಿಸಿಕೊಂಡು ನಡೆದದ್ದೆಲ್ಲ ಹೇಳಿದೆ. ಮಕ್ಕಳ ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಸಾಗರದ ಕಡೆ ಮುಖ ಹಾಕಬೇಡಿ, ನೇರ ಘಾಟಿ ಇಳಿಯಿರಿ ಎಂದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಗಣಿತದ ಮೇಷ್ಟ್ರು, ಮೂರು ಚಿಕ್ಕ ಮಕ್ಕಳ ತಂದೆ, ಮೆಲ್ಲಗೆ ಕೇಳಿದರು: "ಕಾಗದ ಇಲ್ದೆ ಹೋದ್ರೆ ಒಳಗೆ ಬಿಡ್ತಾರಾ?"

"ಬಿಡ್ದಿದ್ರೆ ಕಣ್ಣು ಅನ್ನಿ" ಎಂದು ಎದ್ದು ತರಗತಿಗೆ ಹೋದೆ.